ಮಾಸ್‌ಗೆ ಕಡಿಮೆ ಬಿದ್ದ ಒಂದು ಪಾಯಿಂಟ್

ಓದುಗರ ಪತ್ರ: ‘ಫಾರ್ಮುಲಾ ಒನ್ ಕಾರು ರೇಸಿನಲ್ಲಿ ವಿಶ್ವ ಚಾಂಪಿಯನ್ ಆಗದ ದೊಡ್ಡ ಚಾಲಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದು, ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್‌ಗೆ ಮೊದಲ ಸ್ಥಾನ ಕೊಟ್ಟಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಜಿಲ್ ವಿಲ್ನೆವ್ ಇರುವಾಗ ಮಾಸ್ ಯಾಕೆ? 1958ರಲ್ಲಿ ಎದುರಾಳಿಯ ಪರ ತಾನೇ ಹೋಗಿ ಸಾಕ್ಷಿ ಹೇಳಿ ಪಟ್ಟ ಕಳೆದುಕೊಂಡ ಎಂದು ಹೊಗಳಿದ್ದೀರಿ. ಅದು ದೊಡ್ಡತನವೋ, ದಡ್ಡತನವೋ? ಕೊನೆಗೆ ಲೆಕ್ಕಕ್ಕೆ ಬರುವುದು ಪಾಯಿಂಟ್ ಮಾತ್ರ ಅಲ್ವಾ? ಹಾಗೆ ನೋಡಿದರೆ ಫೆಲಿಪೆ ಮಾಸಾಗೂ ಒಂದೇ ಪಾಯಿಂಟ್ ಕಡಿಮೆ ಬಿತ್ತು. ಅವನೂ ದೊಡ್ಡವನೇ?’ — ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ. ಪತ್ರ ಖಾರವಾಗಿಯೇ ಇದೆ, ಸಂತೋಷ. ಪಾಯಿಂಟ್ ಮಾತ್ರ ಲೆಕ್ಕ ಅಂದಿರಲ್ಲ, ಹಾಗಾದರೆ ಪಾಯಿಂಟ್‌ನಿಂದಲೇ ಶುರು ಮಾಡೋಣ.

1958ರಲ್ಲಿ ರೇಸ್ ಗೆದ್ದವನಿಗೆ 8 ಪಾಯಿಂಟ್. ಅವನ ಹಿಂದಿನ ನಾಲ್ವರಿಗೆ 6, 4, 3, 2. ಅತಿ ವೇಗದ ಸುತ್ತು ಹಾಕಿದವನಿಗೆ ಇನ್ನೊಂದು. ಆದರೆ ಇಡೀ ವರ್ಷದ್ದನ್ನು ಕೂಡಿಸುತ್ತಿರಲಿಲ್ಲ. ಒಬ್ಬೊಬ್ಬನ ಅತ್ಯುತ್ತಮ ಆರು ಫಲಿತಾಂಶ ಮಾತ್ರ ಲೆಕ್ಕಕ್ಕೆ. ಮಾಸ್ ಆ ವರ್ಷ ಅರ್ಜೆಂಟೀನಾ, ಹಾಲೆಂಡ್, ಪೋರ್ಚುಗಲ್, ಮೊರಾಕೊ ಹೀಗೆ ನಾಲ್ಕು ಕಡೆ ಗೆದ್ದ. ಎದುರಾಳಿ ಮೈಕ್ ಹಾಥಾರ್ನ್ ಗೆದ್ದದ್ದು ಫ್ರಾನ್ಸಿನ ರ್‍ಯಾನ್ಸ್‌ನಲ್ಲಿ ಒಂದೇ ಒಂದು. ಆದರೆ ಐದು ಸಲ ಎರಡನೆಯವನಾಗಿ ಬಂದ. ಮಾಸ್‌ನ ಕಾರು ಐದು ರೇಸ್‌ಗಳಲ್ಲಿ ಕೊನೆ ಮುಟ್ಟಲೇ ಇಲ್ಲ. ಕೊನೆಯ ಲೆಕ್ಕ: ಹಾಥಾರ್ನ್ 42, ಮಾಸ್ 41. ನಿಯಮದ ಪ್ರಕಾರ ಪಟ್ಟ ಹಾಥಾರ್ನ್‌ನದ್ದೇ. ಅದರಲ್ಲಿ ನನ್ನದೇನೂ ತಕರಾರಿಲ್ಲ. ಯಾರೂ ಮೋಸ ಮಾಡಲಿಲ್ಲ, ಯಾರೂ ಕದಿಯಲಿಲ್ಲ.

ಈಗ ಪೋರ್ಚುಗಲ್‌ಗೆ ಬರೋಣ. ನಿಮ್ಮ ಸಿಟ್ಟೆಲ್ಲ ಇರುವುದು ಅಲ್ಲೇ.

ಪೋರ್ಟೊ ಊರಿನ ಬೋವಿಸ್ತಾ ರಸ್ತೆಗಳಲ್ಲಿ ರೇಸ್. ಕೆಲವು ಕಡೆ ಹಾಸುಗಲ್ಲು, ಕೆಲವು ಕಡೆ ಟ್ರಾಮ್ ಕಂಬಿ. ಮಾಸ್ ಬಹಳ ಮುಂದಿದ್ದ. ಹಾಥಾರ್ನ್ ಎರಡನೆಯವನು. ಕೊನೆಯ ಹೊತ್ತಿಗೆ ಹಾಥಾರ್ನ್‌ನ ಫೆರಾರಿ ಗಿರಕಿ ಹೊಡೆದು ಎಂಜಿನ್ ಆಫ್ ಆಯಿತು. ಅವನು ಇಳಿದು ಕಾರು ತಳ್ಳಲು ಶುರು ಮಾಡಿದ, ಅದೂ ಏರಿನ ಕಡೆಗೆ. ಆಗಲೇ ರೇಸ್ ಮುಗಿಸಿ ನಿಧಾನಕ್ಕೆ ಬರುತ್ತಿದ್ದ ಮಾಸ್ ಅದನ್ನು ನೋಡಿ, ಇಳಿಜಾರಿಗೆ ತಿರುಗಿಸಿ ತಳ್ಳು ಎಂದು ಕೂಗಿ ಹೇಳಿದ. ಹಾಥಾರ್ನ್ ಹಾಗೇ ಮಾಡಿದ, ಎಂಜಿನ್ ಹತ್ತಿಕೊಂಡಿತು, ಎರಡನೆಯ ಸ್ಥಾನ ಉಳಿಯಿತು.

ರೇಸ್ ಅಧಿಕಾರಿಗಳು ಬಿಡಲಿಲ್ಲ. ರೇಸ್ ನಡೆಯುವ ದಿಕ್ಕಿಗೆ ಎದುರಾಗಿ ಕಾರು ಓಡಿಸಿದ್ದಾನೆ, ಅನರ್ಹ ಮಾಡಬೇಕು ಎಂದರು. ಮಾಸ್ ಅವರ ಮುಂದೆ ಹೋಗಿ ಹೇಳಿದ್ದು ಇಷ್ಟೇ: ಹಾಥಾರ್ನ್ ಕಾರು ತಿರುಗಿಸಿದ್ದು ಟ್ರ್ಯಾಕ್ ಮೇಲಲ್ಲ, ಪಕ್ಕದ ಫುಟ್‌ಪಾತ್ ಮೇಲೆ; ಹಾಗಾಗಿ ನಿಯಮ ಮುರಿದಿಲ್ಲ. ಹಾಥಾರ್ನ್‌ನ 7 ಪಾಯಿಂಟ್ (ಎರಡನೆಯ ಸ್ಥಾನಕ್ಕೆ 6, ಅತಿ ವೇಗದ ಸುತ್ತಿಗೆ 1) ಉಳಿಯಿತು.

ಆ 7 ಹೋಗಿದ್ದರೆ? ಅದರ ಜಾಗಕ್ಕೆ ಅರ್ಜೆಂಟೀನಾದ ಮೂರನೇ ಸ್ಥಾನದ 4 ಬರುತ್ತಿತ್ತು. ಹಾಥಾರ್ನ್ 39, ಮಾಸ್ 41. ಅಂದರೆ ನೀವು ಹೇಳಿದ್ದು ಸರಿ, ಆ ಸಾಕ್ಷಿಯಿಂದ ಪಟ್ಟ ಕೈತಪ್ಪಿತು. ಆದರೆ ಅದೇ ರೇಸ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ, ನಿಮ್ಮ ಪತ್ರದಲ್ಲೂ ಅದಿಲ್ಲ.

ಆ ಕಾಲದಲ್ಲಿ ಚಾಲಕನ ಕಿವಿಗೆ ರೇಡಿಯೊ ಇರಲಿಲ್ಲ. ಟ್ರ್ಯಾಕ್ ಪಕ್ಕದ ಪಿಟ್‌ನಲ್ಲಿ (ತಂಡದವರು ನಿಂತು ಕಾರು ನೋಡಿಕೊಳ್ಳುವ ಜಾಗ) ಇರುವವರು ಬೋರ್ಡ್ ಹಿಡಿದು ತೋರಿಸಬೇಕು, ಚಾಲಕ ಹಾದುಹೋಗುವ ಕ್ಷಣದಲ್ಲಿ ಓದಿಕೊಳ್ಳಬೇಕು. ಹಾಥಾರ್ನ್ ಅತಿ ವೇಗದ ಸುತ್ತಿನ ದಾಖಲೆ ಮಾಡಿದ್ದಾನೆ ಎಂದು ತಿಳಿಸಲು ಮಾಸ್‌ನ ತಂಡ ‘ಹಾಥ್ ರೆಕ್’ ಎಂದು ಚುಟುಕಾಗಿ ಬರೆದು ತೋರಿಸಿತು. ಮಾಸ್ ಅದನ್ನು ‘ರೆಗ್’ (ರೆಗ್ಯುಲರ್) ಎಂದು ಓದಿಕೊಂಡ. ಅಂದರೆ ಹಾಥಾರ್ನ್ ಒಂದೇ ಸಮನೆ ಓಡಿಸುತ್ತಿದ್ದಾನೆ, ಚಿಂತೆಯಿಲ್ಲ ಎಂದು. ಹಾಗಾಗಿ ಸುಮ್ನೆ ಹಾಯಾಗಿ ಓಡಿಸಿ ಗೆದ್ದ. ಸರಿಯಾಗಿ ಓದಿದ್ದರೆ, ಅಷ್ಟು ಮುಂದಿದ್ದವನು ಒಂದು ಜೋರು ಸುತ್ತು ಹಾಕಿ ಆ ಪಾಯಿಂಟ್ ಕಿತ್ತುಕೊಳ್ಳಬಹುದಿತ್ತು. ಆಗ ಮಾಸ್ 42, ಹಾಥಾರ್ನ್ 41. ಹಾಥಾರ್ನ್ ಎರಡನೆಯವನಾಗಿ ಉಳಿದರೂ, ಮಾಸ್ ಸಾಕ್ಷಿ ಹೇಳಿದರೂ, ಪಟ್ಟ ಮಾಸ್‌ನದ್ದೇ.

ಹಾಗಾಗಿ ದಡ್ಡತನ ಎಂದು ಯಾವುದಕ್ಕಾದರೂ ಹೇಳುವುದಿದ್ದರೆ ಬೋರ್ಡಿನ ಮೇಲಿನ ಆ ಒಂದು ಅಕ್ಷರಕ್ಕೆ ಹೇಳಿ. ಸಾಕ್ಷಿಯದು ಬೇರೆ ಮಾತು. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳಿದ, ಅಷ್ಟೇ. ಅದಕ್ಕೆ ದೊಡ್ಡತನ ಎಂಬ ಹಾರ ಹಾಕುವುದೂ ನನಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ.

ಆ ವರ್ಷದ ಕೊನೆಯ ರೇಸ್ ಮೊರಾಕೊದ ಕ್ಯಾಸಾಬ್ಲಾಂಕಾದಲ್ಲಿ, ಅಕ್ಟೋಬರ್ 19ರಂದು. ಮಾಸ್ ಗೆಲ್ಲಬೇಕು, ಅತಿ ವೇಗದ ಸುತ್ತೂ ಹಾಕಬೇಕು, ಹಾಥಾರ್ನ್ ಮೂರನೆಯವನೋ ಇನ್ನೂ ಹಿಂದೆಯೋ ಬರಬೇಕು. ಮಾಸ್ ತನ್ನ ಪಾಲಿನದನ್ನೆಲ್ಲ ಮಾಡಿದ. ಎರಡನೆಯ ಸ್ಥಾನದಲ್ಲಿದ್ದ ಫಿಲ್ ಹಿಲ್ ತನ್ನ ಫೆರಾರಿ ತಂಡದ ಹಾಥಾರ್ನ್‌ಗೆ ದಾರಿ ಬಿಟ್ಟುಕೊಟ್ಟ, ಅಲ್ಲಿಗೆ ಕಥೆ ಮುಗಿಯಿತು. ಅದೇ ರೇಸ್‌ನಲ್ಲಿ ಮಾಸ್‌ನ ವ್ಯಾನ್‌ವಾಲ್ ತಂಡದ ಸ್ಟುವರ್ಟ್ ಲೂಯಿಸ್-ಇವಾನ್ಸ್‌ನ ಕಾರಿಗೆ ಬೆಂಕಿ ಹತ್ತಿ, ಅವನು ಆರು ದಿನದ ನಂತರ ತೀರಿಕೊಂಡ. ಹಾಥಾರ್ನ್ ಪಟ್ಟ ಸಿಕ್ಕ ಕೂಡಲೇ ರೇಸ್ ಬಿಟ್ಟ. ಮರುವರ್ಷ ಜನವರಿಯಲ್ಲಿ ಇಂಗ್ಲೆಂಡಿನ ಗಿಲ್‌ಫರ್ಡ್ ಹತ್ತಿರ ಮಾಮೂಲಿ ರಸ್ತೆಯಲ್ಲಿ ಕಾರು ಅಪಘಾತವಾಗಿ ಸತ್ತ. ಬ್ರಿಟನ್ನಿನ ಮೊದಲ ವಿಶ್ವ ಚಾಂಪಿಯನ್‌ಗೆ ಆಗ 29 ವರ್ಷ.

ಪಾಪ ಮಾಸ್, ಅದೃಷ್ಟ ಇರಲಿಲ್ಲ ಎಂದು ಅನೇಕರು ಬರೆಯುತ್ತಾರೆ. ಇದನ್ನು ನಾನು ಒಪ್ಪಲ್ಲ. 1955ರಿಂದ 1958ರವರೆಗೆ ನಾಲ್ಕು ವರ್ಷ ಎರಡನೆಯವನು, ಮುಂದಿನ ಮೂರು ವರ್ಷ ಮೂರನೆಯವನು. ಏಳು ವರ್ಷ ಒಬ್ಬನಿಗೇ ಅದೃಷ್ಟ ಕೈಕೊಡುತ್ತದೆಯೇ? ಮೊದಲ ಮೂರು ವರ್ಷ ಎದುರಿಗಿದ್ದವನು ಆ ಕಾಲದ ಅತಿದೊಡ್ಡ ಚಾಲಕ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ, ಅದು ಸರಿ. ಆದರೆ ಉಳಿದದ್ದರಲ್ಲಿ ಬಹುಪಾಲು ಮಾಸ್ ತಾನಾಗಿ ಆರಿಸಿಕೊಂಡ ದಾರಿ.

ಅವನಿಗೆ ಬ್ರಿಟಿಷ್ ಕಾರಿನಲ್ಲೇ ಗೆಲ್ಲುವ ಹಠ. ಅದಕ್ಕೇ 1957ರಲ್ಲಿ ವ್ಯಾನ್‌ವಾಲ್ ಸೇರಿದ. ಅವನು ಬಿಟ್ಟುಬಂದ ಇಟಲಿಯ ಮಸರಾಟಿ ತಂಡದ ಕಾರಿನಲ್ಲಿ ಫ್ಯಾಂಜಿಯೊ ಕೂತು ಚಾಂಪಿಯನ್ ಆದ! ಇನ್ನು ಫೆರಾರಿ. 1951ರಲ್ಲಿ ಇಟಲಿಯ ಬಾರಿ ಎಂಬ ಊರಿನಲ್ಲಿ ರೇಸ್ ಓಡಿಸಲು ಬಾ ಎಂದು ಆ ತಂಡದ ಒಡೆಯ ಎಂಜೊ ಫೆರಾರಿ ಕರೆದಿದ್ದ. ಹುಡುಗ ಅಷ್ಟು ದೂರ ಹೋಗಿ ನೋಡಿದರೆ, ಆ ಕಾರನ್ನು ಬೇರೆಯವನಿಗೆ ಕೊಟ್ಟಾಗಿತ್ತು. ಇನ್ನು ಈ ತಂಡಕ್ಕೆ ಓಡಿಸುವುದಿಲ್ಲ ಎಂದು ಅಂದೇ ತೀರ್ಮಾನಿಸಿದ. ಹತ್ತು ವರ್ಷ ಆ ಸಿಟ್ಟು ಇಳಿಯಲಿಲ್ಲ. ವ್ಯಾನ್‌ವಾಲ್ ಹಿಂದೆ ಸರಿದ ಮೇಲೆ ರಾಬ್ ವಾಕರ್‌ನ ಖಾಸಗಿ ತಂಡವೇ ಅವನ ಮನೆಯಾಯಿತು. ಜಾನಿ ವಾಕರ್ ವಿಸ್ಕಿ ಮನೆತನದ ವಾಕರ್, ಕಂಪನಿಗಳಿಂದ ಕಾರು ಕೊಂಡು ಓಡಿಸುತ್ತಿದ್ದವನು. 1959ರಲ್ಲಿ ಆ ತಂಡದವರು ತಮ್ಮ ಕೂಪರ್ ಕಾರಿಗೆ ಕೊಲೊಟ್ಟಿಯ ಗೇರ್‌ಬಾಕ್ಸ್ ಹಾಕಿಸಿದರು. ಪಟ್ಟ ನಿರ್ಧಾರವಾಗುವ ಸೀಬ್ರಿಂಗ್ ರೇಸ್‌ನಲ್ಲಿ ಮಾಸ್ ಎಲ್ಲರಿಗಿಂತ ಮುಂದಿದ್ದಾಗ ಅದೇ ಗೇರ್‌ಬಾಕ್ಸ್ ಕೈಕೊಟ್ಟಿತು. ಕೂಪರ್ ಕಂಪನಿಯದೇ ತಂಡದಲ್ಲಿದ್ದ ಜ್ಯಾಕ್ ಬ್ರಾಭಮ್ ಚಾಂಪಿಯನ್ ಆದ.

ಇದನ್ನು ಅದೃಷ್ಟ ಅನ್ನುವುದು ಹೇಗೆ? ಹಠದ ಬೆಲೆ ಗೊತ್ತಿದ್ದೇ ಕೊಟ್ಟ. ಪಟ್ಟ ಒಂದೇ ಬೇಕಿದ್ದರೆ ಒಳ್ಳೆಯ ತಂಡ ನೋಡಿ ಕೂರುವುದು ಅವನಿಗೆ ಕಷ್ಟವಿರಲಿಲ್ಲ. ಯಾರೂ ಬೇಡ ಅನ್ನುತ್ತಿರಲಿಲ್ಲ.

1960ರಲ್ಲಿ ಮಾತ್ರ ನಿಜವಾಗಿ ಏಟು ಬಿತ್ತು. ಬೆಲ್ಜಿಯಂನ ಸ್ಪಾದಲ್ಲಿ ಅಭ್ಯಾಸ ಮಾಡುವಾಗ ಲೋಟಸ್ ಕಾರಿನ ಚಕ್ರ ಕಳಚಿ, ಎರಡೂ ಕಾಲು ಮುರಿಯಿತು. ಅದೇ ವರ್ಷ ವಾಪಸ್ ಬಂದು ಅಮೆರಿಕದ ರೇಸ್ ಗೆದ್ದ. ಅದಕ್ಕೇನು ಹೇಳುತ್ತೀರಿ?

ಇನ್ನು ವಿಲ್ನೆವ್. ನನಗೂ ಪ್ರಾಣ, ನಿಮಗಿಂತ ಕಡಿಮೆಯೇನಲ್ಲ. 1979ರಲ್ಲಿ ವಾಟ್ಕಿನ್ಸ್ ಗ್ಲೆನ್‌ನ ಮಳೆಯಲ್ಲಿ ಉಳಿದವರಿಗಿಂತ 9 ಸೆಕೆಂಡಿಗೂ ಜಾಸ್ತಿ ವೇಗವಾಗಿ ಸುತ್ತು ಹಾಕಿದವನು. ದಿಜಾನ್‌ನಲ್ಲಿ ಎರಡನೆಯ ಸ್ಥಾನಕ್ಕಾಗಿ ರೆನೆ ಅರ್ನೂ ಜೊತೆ ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಓಡಿದವನು. ಆದರೆ ನಿಮ್ಮ ಲೆಕ್ಕದಲ್ಲೇ ನೋಡಿ. ಅದೇ ವರ್ಷ ಮೊಂಜಾದಲ್ಲಿ ಫೆರಾರಿ ತಂಡದ ಜೊತೆಗಾರ ಜೋಡಿ ಶೆಕ್ಟರ್‌ನ ಬಾಲ ಹಿಡಿದು ಓಡಿದ, ಅರ್ಧ ಸೆಕೆಂಡಿನೊಳಗಿನ ಅಂತರದಲ್ಲಿ. ಮುಂದೆ ಹೋಗಲು ನೋಡಲಿಲ್ಲ, ತಂಡಕ್ಕೆ ಕೊಟ್ಟ ಮಾತಿಗೆ ನಿಂತ. ಶೆಕ್ಟರ್ ಅಲ್ಲೇ ಚಾಂಪಿಯನ್ ಆದ. ವರ್ಷದ ಕೊನೆಗೆ 51ಕ್ಕೆ 47. ಮಾಸ್ ಮಾಡಿದ್ದು ದಡ್ಡತನವಾದರೆ ನಿಮ್ಮ ವಿಲ್ನೆವ್ ಮಾಡಿದ್ದು ಏನು? 1982ರ ಮೇ 8ರಂದು ಝೋಲ್ಡರ್‌ನಲ್ಲಿ ಅವನು ಸತ್ತಾಗ ಲೆಕ್ಕದಲ್ಲಿದ್ದದ್ದು 67 ರೇಸ್, 6 ಗೆಲುವು. ಮಾಸ್‌ದು 66 ರೇಸ್, 16 ಗೆಲುವು. ಪಾಯಿಂಟ್ ಲೆಕ್ಕದವರು ನೀವು, ಆರಿಸಿ.

ಮಾಸ್‌ನನ್ನು ನಾನು ಮೇಲಿಡಲು ಇನ್ನೊಂದು ಕಾರಣ, ಅವನು ಕೂತ ಕಾರಿನಲ್ಲೆಲ್ಲ ಗೆದ್ದ. 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ. ಬ್ರೆಶಿಯಾದಿಂದ ರೋಮ್‌ಗೆ ಹೋಗಿ ವಾಪಸ್, ಸುಮಾರು 1,600 ಕಿಲೋಮೀಟರ್, ಜನ ನಿಂತಿರುವ ಮಾಮೂಲಿ ರಸ್ತೆಗಳಲ್ಲಿ. ಪಕ್ಕದಲ್ಲಿ ಪತ್ರಕರ್ತ ಡೆನಿಸ್ ಜೆಂಕಿನ್ಸನ್. ಮೊದಲೇ ದಾರಿಯನ್ನೆಲ್ಲ ಸುತ್ತಿ ನೋಡಿ, ಒಂದೊಂದು ತಿರುವನ್ನೂ ಉದ್ದದ ಕಾಗದದ ಸುರುಳಿಯಲ್ಲಿ ಬರೆದಿಟ್ಟುಕೊಂಡು, ಡಬ್ಬಿಯೊಳಗೆ ಅದನ್ನು ಉರುಳಿಸುತ್ತ ಓದುತ್ತಿದ್ದ. ಎಂಜಿನ್ ಸದ್ದಿಗೆ ಮಾತು ಕೇಳದು, ಅದಕ್ಕೆ ಕೈಸನ್ನೆ. ದಿಬ್ಬದ ಆಚೆ ರಸ್ತೆ ಕಾಣದಿದ್ದರೂ ಆ ಕೈಯನ್ನು ನಂಬಿ ಮಾಸ್ ಕಾಲು ತೆಗೆಯುತ್ತಿರಲಿಲ್ಲ. 10 ಗಂಟೆ 7 ನಿಮಿಷ 48 ಸೆಕೆಂಡ್. ಸರಾಸರಿ ಗಂಟೆಗೆ 157 ಕಿಲೋಮೀಟರ್‌ಗೂ ಮೇಲೆ. ಆ ರೇಸ್‌ನ ಈ ದಾಖಲೆಯನ್ನು ಮತ್ತೆ ಯಾರೂ ಮುರಿಯಲಿಲ್ಲ.

ಮಾಸಾ ವಿಷಯ ಚಿಕ್ಕದು. 2008ರಲ್ಲಿ ಸ್ವಂತ ಊರು ಸಾವೊ ಪೌಲೊದಲ್ಲಿ ಗೆದ್ದು ಗೆರೆ ದಾಟಿದಾಗ ಅವನೇ ಚಾಂಪಿಯನ್. ಹಿಂದೆ ಬರುತ್ತಿದ್ದ ಲೂಯಿಸ್ ಹ್ಯಾಮಿಲ್ಟನ್ ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಟಿಮೊ ಗ್ಲಾಕ್‌ನನ್ನು ಹಿಂದೆ ಹಾಕಿ ಐದನೆಯವನಾದ. 98ಕ್ಕೆ 97. ಆ ವರ್ಷ ಸಿಂಗಪುರದಲ್ಲಿ ರೆನೊ ತಂಡ ತನ್ನದೇ ಒಬ್ಬ ಚಾಲಕನಿಂದ ಬೇಕೆಂದೇ ಅಪಘಾತ ಮಾಡಿಸಿತ್ತಲ್ಲ, ಅದರ ಗಲಾಟೆಯಲ್ಲೇ ಮಾಸಾ ಪೆಟ್ರೋಲ್ ಪೈಪ್ ಎಳೆದುಕೊಂಡೇ ಪಿಟ್‌ನಿಂದ ಹೊರಟು ಪಾಯಿಂಟ್ ಕಳೆದುಕೊಂಡದ್ದು. ಆ ಬಗ್ಗೆ ಲಂಡನ್ ಕೋರ್ಟಿಗೂ ಹೋಗಿದ್ದಾನೆ. ಅವನ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದರೆ ಅವನು ಒಳ್ಳೆಯ ಚಾಲಕ. ಮಾಸ್ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪದು. 1981ರಲ್ಲಿ ಇದೇ ರೀತಿ ಒಂದು ಪಾಯಿಂಟ್‌ನಲ್ಲಿ ಸೋತ ಕಾರ್ಲೋಸ್ ರಾಯ್ಟಮನ್‌ನನ್ನು ಬೇಕಾದರೆ ಹತ್ತಿರ ಕೂರಿಸುತ್ತೇನೆ.

ಇಷ್ಟಾದರೂ ನಿಮಗೆ ಸಮಾಧಾನವಾಗದಿದ್ದರೆ, ಪಟ್ಟದ ಮಾತು ಬಿಟ್ಟು 1961ರ ಮೊನಾಕೊ ರೇಸ್ ಒಂದನ್ನು ತೆಗೆದುಕೊಳ್ಳಿ. ವಾಕರ್‌ನ ಹಳೆಯ ಮಾದರಿಯ ಲೋಟಸ್. ಎದುರಿಗೆ ಅದಕ್ಕಿಂತ ಎಷ್ಟೋ ಶಕ್ತಿಯ ಮೂರು ಫೆರಾರಿ. ಶುರುವಾಗುವ ಮುಂಚೆ ಕಾರಿನ ಚೌಕಟ್ಟಿನಲ್ಲಿ ಬಿರುಕು ಕಂಡಿತು. ಪೆಟ್ರೋಲ್ ತುಂಬಿದ ಟ್ಯಾಂಕಿಗೆ ಒದ್ದೆ ಬಟ್ಟೆ ಹೊದಿಸಿ ಮೆಕ್ಯಾನಿಕ್ ಆಲ್ಫ್ ಫ್ರಾನ್ಸಿಸ್ ಅಲ್ಲೇ ವೆಲ್ಡಿಂಗ್ ಮಾಡಿದ. ಸೆಕೆ ತಡೆಯಲು ಕಾರಿನ ಪಕ್ಕದ ತಗಡು ಬಿಚ್ಚಿಸಿ ಮಾಸ್ ಹೊರಟ. 100 ಸುತ್ತು. ಪೋಲ್ (ರೇಸ್ ಶುರುವಿಗೆ ಎಲ್ಲರಿಗಿಂತ ಮುಂದಿನ ಜಾಗ) ಹಿಡಿಯಲು ಒಂದೇ ಸುತ್ತಿನಲ್ಲಿ ಜೀವ ಒತ್ತೆಯಿಟ್ಟು ಓಡಿಸುತ್ತಾರಲ್ಲ, ಆ ಸಮಯ 1 ನಿಮಿಷ 39.1 ಸೆಕೆಂಡ್. ರೇಸ್‌ನ ಅವನ ಒಟ್ಟು ಸಮಯ 2 ಗಂಟೆ 45 ನಿಮಿಷ 50.1 ಸೆಕೆಂಡ್. ನೂರರಿಂದ ಭಾಗಿಸಿ ನೋಡಿ: ಸುತ್ತಿಗೆ 1 ನಿಮಿಷ 39.5. ಎರಡು ಮುಕ್ಕಾಲು ಗಂಟೆ ಹೆಚ್ಚುಕಡಿಮೆ ಅದೇ ವೇಗ. ಎರಡನೆಯವನಾದ ರಿಚಿ ಗಿಂಥರ್ 3.6 ಸೆಕೆಂಡ್ ಹಿಂದೆ, ಅವನ ಹಿಂದೆ ಉಳಿದ ಎರಡು ಫೆರಾರಿ.

ಮರುವರ್ಷ ಏಪ್ರಿಲ್ 23ರಂದು ಗುಡ್‌ವುಡ್‌ನಲ್ಲಿ ಅಪಘಾತವಾಗಿ ಸುಮಾರು ಒಂದು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ. ಆಗ ಅವನಿಗೆ 32. ಅಷ್ಟರಲ್ಲಾಗಲೇ ಎಂಜೊ ಫೆರಾರಿಯ ಮೇಲಿನ ಸಿಟ್ಟು ಇಳಿದು, ವಾಕರ್ ತಂಡದ ನೀಲಿ ಬಣ್ಣ ಬಳಿದ ಫೆರಾರಿಯಲ್ಲಿ ಆ ವರ್ಷ ಓಡಿಸುವುದೆಂದು ಮಾತಾಗಿತ್ತು.