ಅಮೆರಿಕದ ಯೂನಿವರ್ಸಿಟಿ ಟೆನಿಸ್ ಟೀಮಿಗೆ ಸೇರಲು ಅಡ್ಮಿಷನ್ ಆದಮೇಲೆ ಟ್ರಯಲ್ಸ್ ಕೊಟ್ಟರೆ ಸಾಕೇ? ಪಿಯುಸಿ ಮುಗಿಸಿ ಒಂದು ವರ್ಷ ಬರೀ ಟೂರ್ನಮೆಂಟ್ ಆಡಬಹುದೇ?

ಎರಡಕ್ಕೂ ಉತ್ತರ ಬಹುಪಾಲು ಇಲ್ಲ ಎಂದೇ.

ಮೊದಲು ಟ್ರಯಲ್ಸ್ ವಿಷಯ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೂರು ಹಂತಗಳಲ್ಲಿ ಮೇಲಿನದಾದ ಡಿವಿಷನ್ 1ರಲ್ಲಿ, 2025ರ ನ್ಯಾಯಾಲಯದ ಒಪ್ಪಂದಕ್ಕೆ ಒಳಪಟ್ಟ ಯೂನಿವರ್ಸಿಟಿಗಳ ಟೆನಿಸ್ ಟೀಮಿನಲ್ಲಿ ಗರಿಷ್ಠ 10 ಜನ. ಹಿಂದೆ ಸ್ಕಾಲರ್‌ಶಿಪ್ ಇಲ್ಲದೆ ‘ವಾಕ್-ಆನ್’ ಆಗಿ ಸೇರಿಕೊಳ್ಳುತ್ತಿದ್ದವರ ಜಾಗಕ್ಕೇ ಮೊದಲು ಕತ್ತರಿ ಬಿದ್ದಿದೆ. ಹಾಗಾಗಿ ಅರ್ಜಿ ಹಾಕುವ ಒಂದೂವರೆ ವರ್ಷ ಮೊದಲೇ ಕೋಚ್‌ಗಳಿಗೆ ಮೇಲ್ ಬರೆಯಲು ಶುರು ಮಾಡಿ.

ಮೇಲ್‌ನಲ್ಲಿ ಯುಟಿಆರ್ ರೇಟಿಂಗ್ (ಪಂದ್ಯಗಳ ಫಲಿತಾಂಶದಿಂದ ಆಟದ ಮಟ್ಟ ಅಳೆಯುವ ಅಂಕಿ), ಅಂಕಗಳು, ಸೇರುವ ವರ್ಷ, ವಿಡಿಯೊ ಲಿಂಕ್ ಇದ್ದರೆ ಸಾಕು. ಬಾಲ್ಯದಿಂದಲೂ ಟೆನಿಸ್ ಅಂದ್ರೆ ಪ್ರಾಣ ಎಂಬ ಪೀಠಿಕೆಯನ್ನು ಯಾರೂ ಓದುವುದಿಲ್ಲ. ಕ್ಯಾಮೆರಾವನ್ನು ಬೇಸ್‌ಲೈನ್ ಹಿಂದೆ, ಇಡೀ ಕೋರ್ಟ್ ಕಾಣುವಷ್ಟು ಎತ್ತರದಲ್ಲಿಡಿ. ಸೋತ ಪಾಯಿಂಟ್‌ಗಳನ್ನು ಕತ್ತರಿಸಬೇಡಿ. ಬರೀ ವಿನ್ನರ್‌ಗಳನ್ನೇ ಪೋಣಿಸಿದ ವಿಡಿಯೊದಲ್ಲಿ ಕಾಲಿನ ಚಲನೆ ಗೊತ್ತಾಗುವುದಿಲ್ಲ.

ಡಬಲ್ಸ್ ಆಟವನ್ನೂ ಸೇರಿಸಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಡಿವಿಷನ್ 1ರ ಪಂದ್ಯ ಶುರುವಾಗುವುದೇ ಮೂರು ಡಬಲ್ಸ್‌ನಿಂದ, ಒಂದೊಂದು ಸೆಟ್. ಮೂರರಲ್ಲಿ ಎರಡು ಗೆದ್ದ ಟೀಮಿಗೆ ಒಂದೇ ಒಂದು ಪಾಯಿಂಟ್. ಆಮೇಲೆ ಆರು ಸಿಂಗಲ್ಸ್, ತಲಾ ಒಂದು ಪಾಯಿಂಟ್. ಒಟ್ಟು 7ರಲ್ಲಿ ಮೊದಲು 4 ಮುಟ್ಟಿದವರು ಗೆದ್ದಂತೆ. ಡಬಲ್ಸ್ ಪಾಯಿಂಟ್ ಕೈಗೆ ಬಂದರೆ ಆರು ಸಿಂಗಲ್ಸ್‌ನಲ್ಲಿ ಮೂರು ಗೆದ್ದರೂ ಸಾಕು. ಸಿಂಗಲ್ಸ್‌ನಲ್ಲಿ ಏಳನೆಯವನಾಗಿದ್ದರೂ ನೆಟ್ ಹತ್ತಿರ ಕೈ ಚುರುಕಾಗಿರುವವನನ್ನು ಕೋಚ್ ಬಿಟ್ಟುಕೊಡುವುದಿಲ್ಲ.

ಇನ್ನು ಆ ಒಂದು ವರ್ಷದ ಬಿಡುವು. ಬೇರೆ ಹಲವು ಆಟಗಳಿಗೆ ಶಾಲೆ ಮುಗಿದ ಮೇಲೆ ಒಂದು ವರ್ಷದ ವಿನಾಯಿತಿ ಇದ್ದರೂ ಡಿವಿಷನ್ 1 ಟೆನಿಸ್‌ಗೆ ಬಹುಕಾಲದಿಂದ ಇರುವುದು ಆರೇ ತಿಂಗಳು. ಅದು ದಾಟಿ ಟೂರ್ನಮೆಂಟ್ ಆಡಿದರೆ ಆಡುವ ಅರ್ಹತೆಯ ಒಂದು ಸೀಸನ್ ಕೈತಪ್ಪಬಹುದು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲು ಕ್ರೀಡಾ ನಿಯಮಗಳ ಪಾಲನೆ ನೋಡಿಕೊಳ್ಳುವ ಯೂನಿವರ್ಸಿಟಿಯ ಕಂಪ್ಲಯನ್ಸ್ ಆಫೀಸಿನಿಂದ ಲಿಖಿತವಾಗಿ ಉತ್ತರ ತರಿಸಿಕೊಳ್ಳಿ.

ಓದಿನ ಕಡೆ ಹೈಸ್ಕೂಲು ಮಟ್ಟದ 16 ಕೋರ್ ಕೋರ್ಸ್‌ಗಳ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಜಿಪಿಎ, ಅಂದರೆ 4ರ ಅಳತೆಯ ಸರಾಸರಿ, ಡಿವಿಷನ್ 1ಕ್ಕೆ 2.3, ಡಿವಿಷನ್ 2ಕ್ಕೆ 2.2 ಇರಬೇಕು. ಒಂಬತ್ತನೇ ತರಗತಿಯಿಂದಲೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ, ಜೋಪಾನವಾಗಿಟ್ಟುಕೊಳ್ಳಿ. ಡಿವಿಷನ್ 3ರಲ್ಲಿ ಮತ್ತು ಹಾರ್ವರ್ಡ್, ಯೇಲ್‌ನಂಥ ಎಂಟು ಯೂನಿವರ್ಸಿಟಿಗಳ ಐವಿ ಲೀಗ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಡಿವಿಷನ್ 3ರ ಹಲವು ಕಾಲೇಜುಗಳು ಅಂಕ ನೋಡಿ ಕೊಡುವ ನೆರವು ಕೆಲವೊಮ್ಮೆ ಬೇರೆಡೆಯ ಕ್ರೀಡಾ ಸ್ಕಾಲರ್‌ಶಿಪ್‌ಗಿಂತ ದೊಡ್ಡದಿರುತ್ತದೆ.

ಸೇರಿದ ಮೇಲೆ ಒಂದು ಎಚ್ಚರ. ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ಪ್ರವಾಸದ ನಡುವೆ ಕಷ್ಟವಾಯಿತೆಂದು ಒಂದು ಕೋರ್ಸ್ ಬಿಟ್ಟು 9ಕ್ಕೆ ಇಳಿದರೆ ಆಡುವ ಅರ್ಹತೆಯ ಜೊತೆಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೂ ಕುತ್ತು. ಆನ್‌ಲೈನ್ ಕೋರ್ಸ್‌ನಿಂದ ತುಂಬಿಸಿಕೊಳ್ಳೋಣ ಎಂದರೆ ವೀಸಾ ಲೆಕ್ಕಕ್ಕೆ ಸೆಮಿಸ್ಟರಿಗೆ ಒಂದೇ ಕೋರ್ಸ್, 3 ಕ್ರೆಡಿಟ್ ಮಾತ್ರ.