ಪೆಟ್ಟಿನಿಂದ ಬಂದ ಪೊರೆ: ಆಪರೇಷನ್‌ಗೆ ಮೊದಲು ಇಷ್ಟೆಲ್ಲ ಸ್ಕ್ಯಾನ್ ಏಕೆ?

ಪ್ರಶ್ನೆ: ನನ್ನ ಗಂಡನಿಗೆ 41 ವರ್ಷ. ಸೋಮವಾರಪೇಟೆ ಹತ್ತಿರದ ಕಾಫಿ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಓಡಿಸುವಾಗ ಬಲಗಣ್ಣಿಗೆ ಏನೋ ಸಿಡಿಯಿತು. ಎರಡು ದಿನದಲ್ಲಿ ನೋವು ಹೋಯಿತು. ಈಗ ಮೂರು ವಾರ, ಪಾಪೆ ಬೆಳ್ಳಗಾಗಿದೆ, ಬೆಳಕು ಮಾತ್ರ ಗೊತ್ತಾಗುತ್ತದೆ. ಪೊರೆ ತೆಗೆಯುವ ಮೊದಲು ಸಿ.ಟಿ., ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಎರಡೂ ಬೇಕಂತೆ. ಅತ್ತೆಯ ಪೊರೆಗೆ ಇದ್ಯಾವುದೂ ಇರಲಿಲ್ಲ. ಸಿ.ಟಿ. ಬದಲು ಎಂ.ಆರ್.ಐ. ಮಾಡಿಸಬಹುದೇ?

ಉತ್ತರ: ಎಂ.ಆರ್.ಐ. ಈಗ ಬೇಡವೇ ಬೇಡ. ಮೆಷಿನ್ನಿನ ಬ್ಲೇಡ್ ಕಲ್ಲಿಗೆ ಬಡಿದಾಗ ಉಕ್ಕಿನ ಸಣ್ಣ ಚೂರು ಹಾರಿ ಕಣ್ಣೊಳಗೆ ಹೊಕ್ಕಿರಬಹುದು. ಅದು ಹೊಕ್ಕ ತೂತು ತಾನೇ ಮುಚ್ಚಿಕೊಳ್ಳುವುದರಿಂದ ನೋವೂ ಬೇಗ ಇಳಿಯುತ್ತದೆ. ಎಂ.ಆರ್.ಐ. ಕಾಂತದ ಸೆಳೆತಕ್ಕೆ ಆ ಚೂರು ಜರುಗಿದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನೇ (ರೆಟಿನಾ) ಸೀಳಬಲ್ಲದು. ಮನೆಯಲ್ಲಿರುವ ಬ್ಲೇಡನ್ನು ಬಿಸಿಲಿಗೆ ಹಿಡಿದು ನೋಡಿ. ಅಂಚಿನಲ್ಲಿ ಹೊಸದಾಗಿ ಹೊಳೆಯುವ ಮುಕ್ಕು ಇದ್ದರೆ ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ಬ್ಲೇಡಿಗೆ ಬದಲು ನೈಲಾನ್ ದಾರ ಹಾಕಿದ್ದರೆ ಅದನ್ನೂ ಹೇಳಿ, ಆಗ ಕಲ್ಲು, ಕಡ್ಡಿಯ ಅನುಮಾನ ಹೆಚ್ಚು.

ಲೋಹ ಹುಡುಕಲು ಸಿ.ಟಿ.ಯೇ ಸರಿ. 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಪದರಗಳಲ್ಲಿ ಕಣ್ಣಿನ ಗೂಡನ್ನು ತೆಗೆಯಬೇಕು. ದಪ್ಪ ಪದರದಲ್ಲಿ ಸಣ್ಣ ಚೂರು ತಪ್ಪಿಹೋಗುತ್ತದೆ. ಕಬ್ಬಿಣ ಒಳಗೇ ಉಳಿದರೆ ತುಕ್ಕಿನ ಅಂಶ ಕರಗಿ ತಿಂಗಳುಗಳಲ್ಲಿ ಅಕ್ಷಿಪಟಲ ಹಾಳಾಗುತ್ತದೆ, ಪೊರೆ ತೆಗೆದರೂ ದೃಷ್ಟಿ ಬರುವುದಿಲ್ಲ. ಒಣ ಕಡ್ಡಿಯ ಚೂರು ಮಾತ್ರ ಸಿ.ಟಿ.ಯಲ್ಲಿ ಗಾಳಿಯಂತೆ ಕಪ್ಪಾಗಿ ಕಂಡು ಮೋಸ ಮಾಡುತ್ತದೆ. ಲೋಹವಿಲ್ಲವೆಂದು ಖಚಿತವಾದ ಮೇಲೆ ಬೇಕಿದ್ದರೆ ಎಂ.ಆರ್.ಐ.

ಅತ್ತೆಯವರ ಪೊರೆ ವಯಸ್ಸಿನದ್ದು. ಅದರ ಹಿಂದೆ ಕಣ್ಣಿಗೆ ಪೆಟ್ಟಾಗಿರಲಿಲ್ಲ. ಇಲ್ಲಿ ಬಿಳಿ ಪೊರೆಯ ಹಿಂದೆ ಏನಾಗಿದೆಯೆಂದು ಟಾರ್ಚಿಗೂ ಕಾಣದು, ಶಬ್ದದ ಅಲೆಯೇ ಹೋಗಬೇಕು. ಬಿ-ಸ್ಕ್ಯಾನಿನಲ್ಲಿ ರೆಪ್ಪೆ ಮುಚ್ಚಿಸಿ, ಜೆಲ್ ಹಚ್ಚಿ, 10 ಮೆಗಾಹರ್ಟ್ಸ್ ಆಸುಪಾಸಿನ ಪ್ರೋಬನ್ನು ಹಗುರವಾಗಿ ಇಟ್ಟು, ಮೇಲೆ-ಕೆಳಗೆ-ಪಕ್ಕಕ್ಕೆ ನೋಡಲು ಹೇಳುತ್ತಾರೆ. ಒಳಗೆ ರಕ್ತವಿದ್ದರೆ ಚುಕ್ಕಿಗಳು ತೇಲಾಡುತ್ತವೆ. ಅಕ್ಷಿಪಟಲ ಕಳಚಿದ್ದರೆ ಕಣ್ಣಿನ ನರದ ಬುಡಕ್ಕೆ ಅಂಟಿಕೊಂಡ ಹೊಳೆಯುವ ಪರದೆ ಕಾಣುತ್ತದೆ, ಆಗ ರೆಟಿನಾ ಸರ್ಜನ್ ಜೊತೆಗಿರಲೇಬೇಕು. ಗಾಯ ಇನ್ನೂ ತೆರೆದಿದ್ದರೆ ಪ್ರೋಬ್ ಒತ್ತುವಂತಿಲ್ಲ, ಮೊದಲು ಹೊಲಿಗೆ.

ನನ್ನ ಮಟ್ಟಿಗೆ ಮುಖ್ಯವಾದದ್ದು ಕಣ್ಣಿನ ಸಹಜ ಲೆನ್ಸನ್ನು ಸುತ್ತಿದ ತೆಳು ಚೀಲದ ಹಿಂಬದಿ. ಮಾಮೂಲಿ ಆಪರೇಷನ್ನಿನಲ್ಲಿ ಪೊರೆ ಸಡಿಲಿಸಲು ಚೀಲದೊಳಗೆ ದ್ರವ ಚಿಮ್ಮಿಸುತ್ತಾರೆ. ಚೀಲ ಮೊದಲೇ ಹರಿದಿದ್ದರೆ ಆ ದ್ರವವೇ ಪೊರೆಯನ್ನು ಕಣ್ಣಿನ ಹಿಂಭಾಗಕ್ಕೆ ಬೀಳಿಸುತ್ತದೆ. ಲೆನ್ಸನ್ನು ಹಿಡಿದ ಎಳೆಗಳು ಕಿತ್ತಿವೆಯೇ ಎಂದು ನೋಡಲು ಯು.ಬಿ.ಎಂ. ಎಂಬ 50 ಮೆಗಾಹರ್ಟ್ಸ್ ಶಬ್ದದ ಅಲೆಯ ಸ್ಕ್ಯಾನ್ ಇದೆ. ಅದು ಮುಂಭಾಗದ 5 ಮಿ.ಮೀ. ಆಳವನ್ನಷ್ಟೇ ತೋರಿಸುತ್ತದೆ, ಆದರೆ ಚೀಲಕ್ಕೆ ಆಧಾರದ ಉಂಗುರ ಹಾಕಬೇಕೇ ಎಂಬುದು ಅದರಿಂದ ತಿಳಿಯುತ್ತದೆ.

ಕೃತಕ ಲೆನ್ಸಿನ ನಂಬರಿಗೆ ಬೆಳಕಿನ ಅಳತೆ ಬೆಳ್ಳಗಿನ ಪೊರೆ ದಾಟುವುದಿಲ್ಲ, ಶಬ್ದದ ಅಲೆಯಿಂದ ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಬೇಕಾಗುತ್ತದೆ. ಉದ್ದದಲ್ಲಿ 1 ಮಿ.ಮೀ. ತಪ್ಪಿದರೆ ನಂಬರಿನಲ್ಲಿ ಸುಮಾರು 2.5ರಿಂದ 3 ಡಯಾಪ್ಟರ್ (ಲೆನ್ಸಿನ ಶಕ್ತಿಯ ಅಳತೆ) ವ್ಯತ್ಯಾಸ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾದಲ್ಲಿ ಕಲೆಯಿದ್ದರೆ ಇನ್ನೊಂದು ಕಣ್ಣಿನ ಅಳತೆ ನೆರವಿಗೆ ಬರುತ್ತದೆ.

ಮೈಸೂರಿಗೋ ಮಂಗಳೂರಿಗೋ ಕಳಿಸಿದರೆ ಬರೀ ವರದಿ ಸಾಲದು, ಸಿ.ಟಿ.ಯ ಸಿ.ಡಿ. ಕೊಂಡುಹೋಗಿ. ಈ ನಡುವೆ ಕಣ್ಣು ಕೆಂಪಾಗಿ ನೋವು ಏರಿದರೆ, ತಲೆನೋವು, ವಾಂತಿ ಬಂದರೆ ಸ್ಕ್ಯಾನಿನ ದಿನಕ್ಕೆ ಕಾಯಬೇಡಿ. ಸೋಂಕೋ, ಲೆನ್ಸ್ ಊದಿ ಒತ್ತಡ ಏರಿದ್ದೋ ಇರಬಹುದು, ಅಂದೇ ಹೊರಡಿ.