ಓದುಗರ ಪ್ರಶ್ನೆ, ನಮ್ಮ ಉತ್ತರ: ರವೆನ್ನಾದಲ್ಲಿ ಒಂದು ಹಗಲು

ಇಟಲಿಯ ರವೆನ್ನಾ ಊರಿನ ಹಳೆಯ ಇಗರ್ಜಿಗಳನ್ನೂ ಅಲ್ಲಿನ ಮೊಸಾಯಿಕ್ ಚಿತ್ರಗಳನ್ನೂ ಕುರಿತು ಕರಾವಳಿಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದು ಇಲ್ಲಿವೆ.

ಮಗಳ ಮನೆ ಬೊಲೋನ್ಯಾದಲ್ಲಿದೆ. ರವೆನ್ನಾಕ್ಕೆ ಒಂದೇ ದಿನ ಬಿಡುವು. ಅಲ್ಲಿ ಎಂಟು ಸ್ಮಾರಕಗಳಿವೆಯಂತೆ, ಎಂಟೂ ಮುಗಿಯುತ್ತದೆಯೇ? ಗೈಡ್ ಬೇಕೇ?
*ಓದುಗರೊಬ್ಬರು, ಕದ್ರಿ, ಮಂಗಳೂರು*

ಮುಗಿಸಬಹುದು, ಆದರೆ ಎಂಟನೆಯದರ ಹೊತ್ತಿಗೆ ಕುತ್ತಿಗೆ ಹಿಡಿದಿರುತ್ತದೆ. ಯುನೆಸ್ಕೊ 1996ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಆ ಎಂಟರಲ್ಲಿ ಏಳನ್ನು ಇಟ್ಟುಕೊಳ್ಳಿ.

ಬೊಲೋನ್ಯಾದಿಂದ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಿ. ಟಿಕೆಟ್ ಕೈಯಲ್ಲೇ ಇದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಎಂಟರ ಆಸುಪಾಸಿಗೆ ಹೊರಟರೆ ಒಳ್ಳೆಯದು. ನಿಲ್ದಾಣದ ಹತ್ತಿರವೇ ಇರುವ, ಏರಿಯನ್ ಎಂಬ ಕ್ರೈಸ್ತ ಪಂಥದವರ ಜ್ಞಾನಸ್ನಾನ ಮಂದಿರವನ್ನು ಮೊದಲು ನೋಡಿಬಿಡಿ, ಅದು ತೆರೆದಿರುವ ಹೊತ್ತು ಉಳಿದವಕ್ಕಿಂತ ಕಡಿಮೆ. ಅಲ್ಲಿಂದ ಸಾನ್ ವಿತಾಲೆ ಇಗರ್ಜಿ, ಅದೇ ಆವರಣದಲ್ಲಿ ರೋಮನ್ ರಾಣಿ ಗಾಲ್ಲಾ ಪ್ಲಾಚಿದಿಯಾಳ ಹೆಸರಿನ ಸಮಾಧಿ. ಮತ್ತೆ ಕ್ಯಾಥೆಡ್ರಲ್ ಪಕ್ಕದಲ್ಲಿ ಬಿಷಪ್ ನಿಯೊನ್ ಹೆಸರಿನ ಜ್ಞಾನಸ್ನಾನ ಮಂದಿರ, ಅಲ್ಲೇ ಇರುವ ಆರ್ಚ್‌ಬಿಷಪರ ಚಾಪೆಲ್. ಊಟದ ನಂತರ ಸಾಂತ್ ಅಪೊಲ್ಲಿನಾರೆ ನುವೊವೊ ಇಗರ್ಜಿ. ಕೊನೆಗೆ 4ನೇ ನಂಬರಿನ ಬಸ್ಸಿನಲ್ಲಿ ಊರಾಚೆಯ ಕ್ಲಾಸ್ಸೆಯ ಇಗರ್ಜಿ. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ.

ಅರ್ಧ ದಿನಕ್ಕಾದರೂ ಪರವಾನಗಿ ಇರುವ ಗೈಡ್ ಬೇಕು, ಮುಖ್ಯವಾಗಿ ಸಾನ್ ವಿತಾಲೆಗೆ. ಒಬ್ಬರೇ ಹೋದವರು ಒಳಗೆ ಕಾಲಿಟ್ಟ ಕೂಡಲೇ ನಡುವಿನ ಗುಮ್ಮಟ ನೋಡಿ ಬೆರಗಾಗುತ್ತಾರೆ. ಅದು 18ನೇ ಶತಮಾನದ ಬಣ್ಣದ ಚಿತ್ರ. 547ರ ಸುಮಾರಿಗೆ ಪ್ರತಿಷ್ಠೆಯಾದ ಇಗರ್ಜಿಯ ಮೊಸಾಯಿಕ್ ಇರುವುದು ಬಲಿಪೀಠದ ಸುತ್ತ ಮಾತ್ರ. ಗುಮ್ಮಟದಲ್ಲಿ ನಿಜವಾದ ಸೋಜಿಗವೆಂದರೆ ಕಣ್ಣಿಗೆ ಬೀಳದ ಅದರ ಒಡಲು: ಸುಟ್ಟ ಮಣ್ಣಿನ ಟೊಳ್ಳು ಕೊಳವೆಗಳು, ಒಂದರ ಬಾಲ ಇನ್ನೊಂದರ ಬಾಯಿಗೆ ಸಿಕ್ಕಿಸಿ ಸುತ್ತುಸುತ್ತಾಗಿ ಏರಿಸಿದ್ದು. ಭಾರ ಕಡಿಮೆಯಾಗಲೆಂದು ಈ ಉಪಾಯ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು ಕಂಡ ಮಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಲಿಪೀಠದ ಎಡಗೋಡೆಯಲ್ಲಿ ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್, ಬಲಗೋಡೆಯಲ್ಲಿ ರಾಣಿ ಥಿಯೊಡೊರಾ. ರಾಜನ ಗುಂಪಿನಲ್ಲಿ ತಲೆಯ ಮೇಲೆ ಹೆಸರು ಬರೆದಿರುವುದು ಬಿಷಪ್ ಮ್ಯಾಕ್ಸಿಮಿಯನ್ ಒಬ್ಬನಿಗೆ, ರಾಜನಿಗೂ ಇಲ್ಲ. ರಾಜ, ಬಿಷಪ್ ಇಬ್ಬರಲ್ಲಿ ಯಾರು ಮುಂದೆ ನಿಂತಿದ್ದಾರೆ ಎಂದು ಗೈಡ್‌ಗೆ ಕೇಳಿ. ಮೈ ನೋಡಿದರೆ ಒಂದು ಉತ್ತರ, ಪಾದ ನೋಡಿದರೆ ಇನ್ನೊಂದು.

ಗಾಲ್ಲಾ ಪ್ಲಾಚಿದಿಯಾ ಸಮಾಧಿಯೊಳಗೆ ಐದೇ ನಿಮಿಷ ಬಿಡುವುದಂತೆ. ಅಷ್ಟು ದೂರ ಹೋಗಿ ಐದು ನಿಮಿಷಕ್ಕೆ ಏನು ಕಂಡೀತು?
*ಓದುಗರೊಬ್ಬರು, ಮಣಿಪಾಲ*

ತಯಾರಾಗಿ ಹೋದರೆ ಸಾಕಷ್ಟು ಕಾಣುತ್ತದೆ. ಸಾನ್ ವಿತಾಲೆ, ಈ ಸಮಾಧಿ, ನಿಯೊನ್ ಮಂದಿರ, ಚಾಪೆಲ್, ಅಪೊಲ್ಲಿನಾರೆ ನುವೊವೊ ಐದಕ್ಕೂ ಒಂದೇ ಟಿಕೆಟ್. ಆದರೆ ಸಮಾಧಿಗೂ ನಿಯೊನ್ ಮಂದಿರಕ್ಕೂ ಗಂಟೆ ಗೊತ್ತುಮಾಡಿ ಆನ್‌ಲೈನಿನಲ್ಲಿ ಕಾದಿರಿಸಬೇಕು. ಎರಡು ಸಮಯಗಳ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಹತ್ತಿರ ಹತ್ತಿರ ಹಾಕಿಕೊಂಡರೆ ಸಾನ್ ವಿತಾಲೆಯನ್ನು ಓಡುತ್ತ ನೋಡಿದ ಹಾಗಾಗುತ್ತದೆ.

ತೊಂದರೆ ಆಗುವುದು ಕಣ್ಣಿನದು. ಒಳಗೆ ಬೆಳಕು ಬರುವುದು ತೆಳುವಾದ ಅಲಬಾಸ್ಟರ್ ಕಲ್ಲಿನ ಕಿಟಕಿಗಳಿಂದ, ಜೇನಿನ ಬಣ್ಣದಲ್ಲಿ. ಹೊರಗಿನ ಬಿಸಿಲಿನಿಂದ ಒಳಹೊಕ್ಕ ಕಣ್ಣು ಕತ್ತಲೆಗೆ ಒಗ್ಗಲು ಐದು ನಿಮಿಷವೇ ಬೇಕು. ಅಷ್ಟರಲ್ಲಿ ನಿಮ್ಮ ಸರದಿ ಮುಗಿದಿರುತ್ತದೆ. ಆದ್ದರಿಂದ ಸಾನ್ ವಿತಾಲೆಯ ಮಬ್ಬಿನಿಂದ ಹೊರಬಂದ ಕೂಡಲೇ ತಂಪು ಕನ್ನಡಕ ಹಾಕಿ ಹುಲ್ಲುಹಾಸು ದಾಟಿ, ಬಾಗಿಲಲ್ಲಿ ತೆಗೆಯಿರಿ. ಗೈಡ್ ಹೇಳಬೇಕಾದ್ದನ್ನೆಲ್ಲ ಹೊರಗೇ ಹೇಳಿಸಿಕೊಳ್ಳಿ. ಫ್ಲ್ಯಾಶ್ ಹಾಕುವಂತಿಲ್ಲ.

ಒಳಗೆ ಮೊದಲು ತಲೆಯೆತ್ತಿ: ಕಡುನೀಲಿಯಲ್ಲಿ ನೂರಾರು ಚಿನ್ನದ ನಕ್ಷತ್ರ, ನಡುವೆ ಶಿಲುಬೆ. ನಂತರ ತಿರುಗಿ, ನೀವು ಬಂದ ಬಾಗಿಲ ಮೇಲ್ಗಡೆ ನೋಡಿ. ಗಡ್ಡವಿಲ್ಲದ ಎಳೆಯ ಕ್ರಿಸ್ತ ಕುರಿಗಳ ನಡುವೆ ಕುರುಬನಾಗಿ ಕೂತಿದ್ದಾನೆ. ಹಿಂದೆ ತಿರುಗದೆ ಹೋದವರಿಗೆ ಇದು ತಪ್ಪಿಹೋಗುತ್ತದೆ. ಎದುರು ಗೋಡೆಯಲ್ಲಿ ಬೆಂಕಿಯ ಮೇಲಿಟ್ಟ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಬಾಗಿಲು ತೆರೆದ ಕಪಾಟು, ಅದರಲ್ಲಿ ಹೆಸರು ಬರೆದ ನಾಲ್ಕು ಸುವಾರ್ತೆ ಪುಸ್ತಕ. ಅಂದಹಾಗೆ ಗಾಲ್ಲಾ ಪ್ಲಾಚಿದಿಯಾ 450ರಲ್ಲಿ ತೀರಿಕೊಂಡದ್ದು ರೋಮಿನಲ್ಲಿ. ಸಮಾಧಿಗೆ ಅವಳ ಹೆಸರು ಅಂಟಿಕೊಂಡಿದೆ, ಅಷ್ಟೆ.

ನಮ್ಮ ಅಜ್ಜನ ಮನೆಗೆ ಹಾಕಿಸಿದ್ದೂ ಮೊಸಾಯಿಕ್ ನೆಲವೇ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
*ಓದುಗರೊಬ್ಬರು, ಅಂಬಲಪಾಡಿ, ಉಡುಪಿ*

ಹೆಸರಿನ ಸಂಬಂಧ. ನಮ್ಮ ಮನೆಗಳಲ್ಲಿ ಮೊಸಾಯಿಕ್ ಅನ್ನುವುದು ಅಮೃತಶಿಲೆಯ ಚಕ್ಕೆಯನ್ನು ಸಿಮೆಂಟಿಗೆ ಕಲಸಿ ಹಾಸಿ, ಒಣಗಿದ ಮೇಲೆ ಯಂತ್ರದಿಂದ ಉಜ್ಜಿದ್ದು. ಚಕ್ಕೆ ಎಲ್ಲಿ ಬಿತ್ತೋ ಅಲ್ಲೇ ಅದರ ಜಾಗ. ರವೆನ್ನಾದಲ್ಲಿ ಒಂದೊಂದು ಚೂರನ್ನೂ ಬೆರಳಲ್ಲಿ ಹಿಡಿದು ಹಸಿ ಸುಣ್ಣದ ಗಾರೆಗೆ ಒತ್ತಿದ್ದಾರೆ. ಗೋಡೆಗೆ ಗಾರೆಯನ್ನು ಪದರ ಪದರವಾಗಿ ಬಳಿದು, ಕೊನೆಯ ಪದರವನ್ನು ಮಾತ್ರ ಅದು ಗಟ್ಟಿಯಾಗುವುದರೊಳಗೆ ಎಷ್ಟು ಚೂರು ಕೂರಿಸಲಾದೀತೋ ಅಷ್ಟೇ ಹರವಿಗೆ ಬಳಿಯುತ್ತಿದ್ದರು.

ಚಿನ್ನದ ಚೂರು ಪೂರ್ತಿ ಚಿನ್ನವಲ್ಲ. ಗಾಜಿನ ಹಲಗೆಯ ಮೇಲೆ ಚಿನ್ನದ ತೆಳು ರೇಕು, ಅದರ ಮೇಲೆ ಕಾಗದದಷ್ಟು ತೆಳ್ಳಗಿನ ಗಾಜು; ಮೂರನ್ನೂ ಕಾಯಿಸಿ ಬೆಸೆದು, ಸುತ್ತಿಗೆಯಿಂದ ಚೌಕ ಚೂರು ಮಾಡುವುದು. ಕೂರಿಸುವಾಗ ಸಮತಟ್ಟು ಮಾಡದೆ ಒಂದೊಂದನ್ನು ಒಂದೊಂದು ಕೋನಕ್ಕೆ ಓರೆ ಮಾಡುತ್ತಾರೆ. ಉಜ್ಜಿ ನುಣುಪು ಮಾಡಿದ್ದರೆ ಇಡೀ ಗೋಡೆ ಕನ್ನಡಿಯಂತಾಗಿ ಒಂದೇ ಕಡೆಯಿಂದ ಹೊಳೆದು, ಉಳಿದ ಕಡೆಯಿಂದ ಕಪ್ಪಗೆ ಕಾಣುತ್ತಿತ್ತು. ಗ್ಯಾಸ್‌ಲೈಟಿನ ಮುಂದೆ ವೇಷಧಾರಿ ತಲೆ ಅಲ್ಲಾಡಿಸಿದಾಗ ಕಿರೀಟದ ಬೇಗಡೆ ಹೇಗೆ ಮಿನುಗುತ್ತದೋ ಇಲ್ಲೂ ಹಾಗೆಯೇ, ಆದರೆ ಇಲ್ಲಿ ಅಲುಗಾಡಬೇಕಾದವರು ನೀವು. ನಿಂತಲ್ಲೇ ನಿಂತು ಫೋಟೊ ತೆಗೆದರೆ ಹೊಳಪು ಸಿಗದು. ಎರಡು ಹೆಜ್ಜೆ ಎಡಕ್ಕೆ, ಎರಡು ಬಲಕ್ಕೆ ನಡೆಯಿರಿ. ಹಕ್ಕಿ ನೋಡುವ ದುರ್ಬೀನು ಇದ್ದರೆ ಒಯ್ಯಿರಿ. ಥಿಯೊಡೊರಾಳ ಮೇಲುವಸ್ತ್ರದ ಅಂಚಿನಲ್ಲಿ ಕಾಣಿಕೆ ಹಿಡಿದ ಮೂವರು ಜ್ಞಾನಿಗಳ ಕಸೂತಿ ಇದೆ, ಬರಿಗಣ್ಣಿಗೆ ಅದು ಬರೀ ಮಿಂಚು.

ಒಂದೇ ಊರಿನಲ್ಲಿ ಎರಡು ಜ್ಞಾನಸ್ನಾನ ಮಂದಿರ ಏಕೆ? ಕಾರ್ಕಳದವಳು ನಾನು, ಥಿಯೊಡೊರಿಕ್ ರಾಜನ ಸಮಾಧಿಯ ಒಂದೇ ಕಲ್ಲಿನ ಮಾಡನ್ನೂ ನೋಡುವ ಆಸೆ.
*ಓದುಗರೊಬ್ಬರು, ಕಾರ್ಕಳ*

402ರಲ್ಲಿ ರವೆನ್ನಾ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯಾಯಿತು. 493ರಿಂದ ಗಾಥ್ ಎಂಬ ಜರ್ಮನಿಕ್ ಜನರ ದೊರೆ ಥಿಯೊಡೊರಿಕ್ ಆಳಿದ. ಗಾಥರು ಏರಿಯನ್ ಪಂಥದವರು, ಮಗನಾದ ಕ್ರಿಸ್ತ ತಂದೆಗೆ ಸಮನಲ್ಲ ಎಂದು ನಂಬಿದವರು. ಊರಿನ ಹಳಬರಿಗೆ ಅದು ಪಾಷಂಡ ಮತ. ಹಾಗಾಗಿ ಇಗರ್ಜಿಯೂ ಬೇರೆ, ಜ್ಞಾನಸ್ನಾನದ ಮನೆಯೂ ಬೇರೆ. ಎರಡೂ ಗುಮ್ಮಟಗಳಲ್ಲಿ ಯೊರ್ದಾನ್ ಹೊಳೆಯಲ್ಲಿ ನಿಂತ ಕ್ರಿಸ್ತ, ಸುತ್ತ ಹನ್ನೆರಡು ಶಿಷ್ಯರು. ಏರಿಯನ್ ಮಂದಿರದಲ್ಲಿ ಹೊಳೆಯೇ ಮುದುಕನ ರೂಪದಲ್ಲಿ ಕೂತಿದೆ, ಅವನ ತಲೆಯಲ್ಲಿ ಏಡಿಯ ಕೊಂಬು! ನಿಯೊನ್ ಮಂದಿರದ ನಡುಚಿತ್ರದಲ್ಲಿ ಮುಖಗಳ ಸುತ್ತ ಬಹಳಷ್ಟು ನಂತರದ ದುರಸ್ತಿ; ನೆಲವೂ ಏರಿದೆ, ಮೊದಲಿನ ನೆಲ ಸುಮಾರು 3 ಮೀಟರ್ ಕೆಳಗಿದೆ.

540ರಲ್ಲಿ ಜಸ್ಟಿನಿಯನ್‌ನ ಸೇನೆ ಊರು ಗೆದ್ದಿತು. ನಂತರದ್ದನ್ನು ಅಪೊಲ್ಲಿನಾರೆ ನುವೊವೊದಲ್ಲಿ ನೋಡಬೇಕು. ಥಿಯೊಡೊರಿಕ್ ಕಟ್ಟಿಸಿದ ಇಗರ್ಜಿ ಅದು. ಎಡಗೋಡೆಯಲ್ಲಿ 22 ಕನ್ಯೆಯರ ಸಾಲು, ಬಲಗೋಡೆಯಲ್ಲಿ 26 ಹುತಾತ್ಮರ ಸಾಲು. ಎಲ್ಲರೂ ಆ ಸಾಲುಗಳನ್ನೇ ನೋಡುತ್ತ ಮುಂದೆ ನಡೆಯುತ್ತಾರೆ. ನೀವು ಬಾಗಿಲ ಹತ್ತಿರ ಬಲಗಡೆ ಅರಮನೆಯ ಚಿತ್ರದ ಕೆಳಗೆ ನಿಲ್ಲಿ. ಕಂಬಗಳ ನಡುವೆ ಪರದೆ ತೂಗುತ್ತಿದೆ. ಮೊದಲು ಅಲ್ಲಿ ಜನರಿದ್ದರು. ಹೊಸಬರು ಅವರನ್ನು ಕಿತ್ತು ಪರದೆ ಕೂರಿಸಿದರು. ಕಂಬದ ಮೇಲೆ ಬಂದಿದ್ದ ಕೈಗಳನ್ನು ಕೀಳಲಿಲ್ಲ. ಬಿಳಿ ಕಂಬದ ಮೇಲೆ ಮೈಯಿಲ್ಲದ ಬೆರಳುಗಳು ಈಗಲೂ ಇವೆ.

ನಾವು ಬಿಟ್ಟ ಎಂಟನೆಯದು ಥಿಯೊಡೊರಿಕ್‌ನ ಸಮಾಧಿಯೇ, ಅಲ್ಲಿ ಮೊಸಾಯಿಕ್ ಇಲ್ಲ. ಆದರೆ 42 ಅಡಿಯ ಗೊಮ್ಮಟನ ಊರಿನವರಿಗೆ ಬಿಡಿ ಅನ್ನಲು ಬಾಯಿ ಬಾರದು. ಸಮುದ್ರದಾಚೆಯ ಇಸ್ತ್ರಿಯಾದಿಂದ ತಂದ, ಸುಮಾರು 10 ಮೀಟರ್ ಅಗಲದ ಒಂದೇ ಬಂಡೆ ಮಾಡಾಗಿ ಕೂತಿದೆ, ಸುತ್ತ ಹನ್ನೆರಡು ಹಿಡಿಗಳು. ರೈಲುಹಳಿಯ ಆಚೆಗಿದೆ, ನಡೆದೇ ಹೋಗಬಹುದು. ಚಾಪೆಲ್ ಬಿಟ್ಟು ಇದನ್ನು ಸೇರಿಸಿಕೊಳ್ಳಿ. ಕ್ಲಾಸ್ಸೆ ಮಾತ್ರ ಬಿಡಬೇಡಿ. ಒಂದು ಕಾಲದ ಬಂದರು, ಕಡಲು ಈಗ ದೂರ ಸರಿದಿದೆ. 549ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಇಗರ್ಜಿಯ ಗರ್ಭದಲ್ಲಿ ಹಸಿರು ಬಯಲು, ಕುರಿಗಳು, ನೀಲಿ ವೃತ್ತದಲ್ಲಿ 99 ನಕ್ಷತ್ರ. ಇಲ್ಲಿ ಗಡಿಯಾರ ಹಿಡಿದು ನಿಂತವರಿಲ್ಲ, ಕೂತು ನೋಡಬಹುದು.

ಸಸ್ಯಾಹಾರಿಗಳಿಗೆ ಮಧ್ಯಾಹ್ನಕ್ಕೆ ಏನಾದರೂ ಸಿಕ್ಕೀತೇ?
*ಓದುಗರೊಬ್ಬರು, ರಥಬೀದಿ, ಉಡುಪಿ*

ಅಲ್ಲಿನ ಊಟ ಪಿಯಾದಿನಾ, ನಮ್ಮ ದಪ್ಪ ಚಪಾತಿಯ ಹಾಗಿರುವ ಮೈದಾ ರೊಟ್ಟಿ, ಒಳಗೆ ಮೆತ್ತನೆಯ ಚೀಸ್ ಮತ್ತು ಸೊಪ್ಪು. ಮಾಂಸ ಹಾಕಬೇಡಿ ಎಂದಷ್ಟೇ ಹೇಳಿದರೆ ಸಾಲದು, ಹಿಟ್ಟಿಗೇ ಹಂದಿಯ ಕೊಬ್ಬು ಕಲಸುವುದು ವಾಡಿಕೆ. ‘ಸೆನ್ತ್ಸಾ ಸ್ತ್ರುತ್ತೊ’ ಎಂದು ಕೇಳಿ, ಕೊಬ್ಬಿಲ್ಲದ್ದು ಎಂದರ್ಥ. ಆಲಿವ್ ಎಣ್ಣೆ ಹಾಕಿ ಮಾಡಿದ್ದೂ ಸಿಗುತ್ತದೆ. ಚೀಸನ್ನು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದುಂಟು. ಅಷ್ಟು ಕಟ್ಟುನಿಟ್ಟಿನವರು ಸೊಪ್ಪು, ಟೊಮೆಟೊ, ಸುಟ್ಟ ಬದನೆಕಾಯಿ ತುಂಬಿಸಿಕೊಳ್ಳಿ. ಊಟ ಮುಗಿಸಿ ಕ್ಲಾಸ್ಸೆ ಬಸ್ಸಿನ ಟಿಕೆಟನ್ನು ತಂಬಾಕು ಅಂಗಡಿಯಲ್ಲಿ ಹೋಗಿಬರುವುದಕ್ಕೆ ಎರಡೂ ಕೊಂಡುಬಿಡಿ. ಭಾನುವಾರವಾದರೆ ವಾಪಸ್ ಬಸ್ಸಿನ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ.